ಪಿಎಚ್‌ಡಿ ಸೀಟು ಎಲ್ಲಿ ಸಿಗುತ್ತದೆ, ರೊಕ್ಕ ಯಾರು ಕೊಡುತ್ತಾರೆ?

ಪ್ರಶ್ನೆ: ಮೇಡಂ, ನನ್ನದು ವಿಜಯಪುರ ಜಿಲ್ಲೆ ಇಂಡಿ ತಾಲ್ಲೂಕಿನ ಒಂದು ಹಳ್ಳಿ. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ಬಾಟನಿ ಎಂಎಸ್‌ಸಿ ಮುಗಿಸಿ ಒಂದು ವರ್ಷ ಆಯಿತು, 64 ಪರ್ಸೆಂಟ್ ಇದೆ. ಪಿಎಚ್‌ಡಿ ಮಾಡಿ ಮುಂದೆ ಯೂನಿವರ್ಸಿಟಿಯಲ್ಲೇ ಕೆಲಸ ಮಾಡಬೇಕು ಅಂತ ಆಸೆ. ಆದರೆ ಎಲ್ಲಿಂದ ಶುರು ಮಾಡಬೇಕು ಗೊತ್ತಾಗುತ್ತಿಲ್ಲ. ನಮ್ಮದು ಎರಡು ಎಕರೆ ಲಿಂಬೆ ತೋಟ. ಇನ್ನೂ ನಾಲ್ಕೈದು ವರ್ಷ ಓದಿಸುವ ಶಕ್ತಿ ಅಪ್ಪನಿಗೆ ಇಲ್ಲ. ಪರಿಚಯದವರೊಬ್ಬರು, ಎರಡು ಲಕ್ಷ ಕೊಟ್ಟರೆ ಗೈಡ್ ಕೊಡಿಸಿ ಥೀಸಿಸ್ ಕೂಡ ಬರೆಸಿ ಕೊಡುತ್ತೇವೆ ಅನ್ನುತ್ತಿದ್ದಾರೆ. ಬೆಂಗಳೂರಿಗೆ ಹೋಗದೆ ನಮ್ಮ ಕಡೆಯೇ ಏನಾದರೂ ಆಗುತ್ತದಾ?

ಉತ್ತರ: ಮೊದಲು ಆ ಎರಡು ಲಕ್ಷದ ಮಾತು ಮುಗಿಸಿಬಿಡೋಣ. ಕೊಡಬೇಡಿ ತಂಗಿ. ಒಂದು ರೂಪಾಯಿಯನ್ನೂ ಕೊಡಬೇಡಿ. ಗೈಡ್, ಅಂದರೆ ಸಂಶೋಧನೆಗೆ ಮಾರ್ಗದರ್ಶನ ಮಾಡುವ ಪ್ರಾಧ್ಯಾಪಕರು, ಸಿಗುವುದಕ್ಕೆ ಮಧ್ಯದಲ್ಲಿ ಯಾರೂ ಬೇಕಾಗಿಲ್ಲ. ಬೇರೆಯವರು ಬರೆದ ಥೀಸಿಸ್ ಇವತ್ತು ತಪ್ಪಿಸಿಕೊಳ್ಳುವುದೂ ಕಷ್ಟ. ಸಲ್ಲಿಸುವ ಮುಂಚೆ ಪ್ರತಿ ಥೀಸಿಸ್ಸನ್ನೂ ಸಾಫ್ಟ್‌ವೇರ್ ಹಾಕಿ ನೋಡುತ್ತಾರೆ. ವಿಶ್ವವಿದ್ಯಾಲಯಗಳಿಗೆ ನಿಯಮ ಮಾಡುವ ಕೇಂದ್ರ ಸಂಸ್ಥೆ ಯುಜಿಸಿಯ 2018ರ ನಿಯಮದ ಪ್ರಕಾರ ಹೋಲಿಕೆ 10 ಪರ್ಸೆಂಟ್ ಒಳಗಿದ್ದರೆ ಮಾತ್ರ ದಂಡನೆ ಇಲ್ಲ. 60 ದಾಟಿದರೆ ನೋಂದಣಿಯೇ ರದ್ದು. ಹೇಗೋ ದಾಟಿಕೊಂಡರೂ, ವೈವಾದಲ್ಲಿ, ಅಂದರೆ ಕೊನೆಯ ಮೌಖಿಕ ಪರೀಕ್ಷೆಯಲ್ಲಿ, ಹೊರಗಿನಿಂದ ಬಂದ ಪರೀಕ್ಷಕರು ನಿಮ್ಮದೇ ಕೋಷ್ಟಕ ತೋರಿಸಿ ಈ ಅಂಕಿ ಎಲ್ಲಿಂದ ಬಂತು ಅಂತ ಕೇಳಿದಾಗ ಏನು ಹೇಳುತ್ತೀರಿ? ದುಡ್ಡು ಇಸಕೊಂಡವರು ಆ ಕೋಣೆಯಲ್ಲಿ ಇರುವುದಿಲ್ಲ. ಅದೇ ಥರ ಆನ್‌ಲೈನ್‌ನಲ್ಲೇ ಪಿಎಚ್‌ಡಿ ಮಾಡಿಸುತ್ತೇವೆ ಅನ್ನುವ ಜಾಹೀರಾತುಗಳನ್ನೂ ಬಿಟ್ಟುಬಿಡಿ. ದೂರಶಿಕ್ಷಣದಲ್ಲಾಗಲಿ ಆನ್‌ಲೈನ್‌ನಲ್ಲಾಗಲಿ ಪಿಎಚ್‌ಡಿ ಮಾಡಲು ಯುಜಿಸಿ ಒಪ್ಪುವುದಿಲ್ಲ.

ಈಗ ನಿಮ್ಮ ಅಸಲಿ ಪ್ರಶ್ನೆ. ನಮ್ಮ ಕಡೆಯ ಮಕ್ಕಳು ಪಿಎಚ್‌ಡಿ ಅಂದರೆ ಒಂದೇ ದಾರಿ ಅಂತ ತಿಳಿದಿದ್ದಾರೆ. ಯೂನಿವರ್ಸಿಟಿ ಯಾವಾಗ ನೋಟಿಫಿಕೇಶನ್ ಹಾಕುತ್ತದೆ ಅಂತ ಕಾಯುವುದು, ಅರ್ಜಿ ಹಾಕುವುದು, ಪ್ರವೇಶ ಪರೀಕ್ಷೆ ಬರೆಯುವುದು, ಮತ್ತೆ ಕಾಯುವುದು. ಆ ದಾರಿ ಇದೆ, ಅದನ್ನು ಬಿಡಬಾರದು. ಆದರೆ ಇನ್ನೊಂದು ದಾರಿಯೂ ಇದೆ. ಅದು ಪ್ರಾಜೆಕ್ಟ್ ಹುದ್ದೆ. ನಿಮ್ಮಂಥ ಮನೆಯಿಂದ ಬಂದವರಿಗೆ ನಾನು ಮೊದಲು ಹೇಳುವುದು ಇದನ್ನೇ. ಯಾಕೆಂದರೆ ಇಲ್ಲಿ ಕೆಲಸ ಶುರುವಾದ ತಿಂಗಳಿಂದಲೇ ಕೈಗೆ ಸಂಬಳ ಬರುತ್ತದೆ.

ಪ್ರಾಜೆಕ್ಟ್ ಹುದ್ದೆ ಅಂದರೆ ಏನು ಅಂತ ಸರಳವಾಗಿ ಹೇಳುತ್ತೇನೆ. ಒಬ್ಬ ಪ್ರಾಧ್ಯಾಪಕರು ಒಂದು ಸಂಶೋಧನೆಗೆ ಕೇಂದ್ರ ಅಥವಾ ರಾಜ್ಯದ ಯಾವುದಾದರೂ ಸಂಸ್ಥೆಯಿಂದ ಅನುದಾನ ತರುತ್ತಾರೆ. ಆ ಹಣದಲ್ಲೇ ಒಬ್ಬರಿಗೋ ಇಬ್ಬರಿಗೋ ಸಂಬಳ ಇಟ್ಟಿರುತ್ತಾರೆ. ಜೂನಿಯರ್ ರಿಸರ್ಚ್ ಫೆಲೋ, ಪ್ರಾಜೆಕ್ಟ್ ಅಸೋಸಿಯೇಟ್, ಫೀಲ್ಡ್ ಅಸಿಸ್ಟೆಂಟ್, ಹೀಗೆ ಬೇರೆ ಬೇರೆ ಹೆಸರು. ಇದಕ್ಕೆ ದೊಡ್ಡ ಜಾಹೀರಾತು ಇರುವುದಿಲ್ಲ. ಸಂಸ್ಥೆಯ ವೆಬ್‌ಸೈಟಿನ ನೇಮಕಾತಿ ಪುಟದಲ್ಲಿ ಒಂದು ಹಾಳೆಯ ಪಿಡಿಎಫ್ ಹಾಕಿರುತ್ತಾರೆ. ಹತ್ತು ಹದಿನೈದು ದಿನದಲ್ಲಿ ವಾಕ್‌ಇನ್ ಸಂದರ್ಶನ ಮುಗಿದೇ ಹೋಗುತ್ತದೆ. ಪೇಪರಿನಲ್ಲಿ ಬರುತ್ತದೆ ಅಂತ ಕಾಯ್ದು ಕೂತವರಿಗೆ ಇದು ಗೊತ್ತೇ ಆಗುವುದಿಲ್ಲ. ಹಾಗಾಗಿ ವಾರಕ್ಕೆ ಎರಡು ದಿನ ಗೊತ್ತು ಮಾಡಿಕೊಳ್ಳಿ, ಸೋಮವಾರ ಮತ್ತು ಗುರುವಾರ ಅಂದುಕೊಳ್ಳಿ. ಆ ದಿನ ಬೆಳಿಗ್ಗೆ ಚಹಾ ಕುಡಿಯುತ್ತ ಮೊಬೈಲ್‌ನಲ್ಲೇ ಏಳೆಂಟು ವೆಬ್‌ಸೈಟ್ ತೆಗೆದು ನೋಡಿ. ಅರ್ಧ ಗಂಟೆ ಸಾಕು.

ಯಾವ ವೆಬ್‌ಸೈಟ್? ನಿಮ್ಮ ಊರಿಂದ ಶುರು ಮಾಡಿ. ಬಾಗಲಕೋಟೆಯ ನವನಗರದ ಹತ್ತಿರ ಉದ್ಯಾನಗಿರಿಯಲ್ಲಿ ತೋಟಗಾರಿಕೆ ವಿಜ್ಞಾನಗಳ ವಿಶ್ವವಿದ್ಯಾಲಯ ಇದೆ, 2008ರಲ್ಲಿ ಆದದ್ದು. ಅದರದೇ ಒಂದು ಸಂಶೋಧನೆ ಮತ್ತು ವಿಸ್ತರಣಾ ಕೇಂದ್ರ ವಿಜಯಪುರದ ತಿಡಗುಂದಿಯಲ್ಲಿದೆ. ಇಲ್ಲಿ ಒಂದು ವಿಷಯ ಗಮನಿಸಿ. ಅವರ ಪಿಎಚ್‌ಡಿಗೆ ತೋಟಗಾರಿಕೆಯಲ್ಲೇ ಎಂಎಸ್‌ಸಿ ಆದವರಿಗೆ ಜಾಗ. ಬಾಟನಿಯವರಿಗೆ ಅಲ್ಲಿ ನೋಂದಣಿ ಕಷ್ಟ. ಆದರೆ ಅದೇ ಕ್ಯಾಂಪಸ್ಸಿನ ಪ್ರಾಜೆಕ್ಟ್ ಹುದ್ದೆಗಳಲ್ಲಿ ಬಾಟನಿ, ಮೈಕ್ರೋಬಯಾಲಜಿ, ಬಯೋಟೆಕ್ನಾಲಜಿಯವರನ್ನು ಕರೆಯುವುದುಂಟು. ಪಿಎಚ್‌ಡಿ ಇಲ್ಲ ಅಂದಮೇಲೆ ಆ ವೆಬ್‌ಸೈಟ್ ಯಾಕೆ ನೋಡಬೇಕು ಅಂತ ನಮ್ಮ ಹುಡುಗರು ಬಿಟ್ಟುಬಿಡುತ್ತಾರೆ. ಅಲ್ಲೇ ತಪ್ಪುವುದು.

ಬೆಳಗಾವಿಯಲ್ಲಿ ಕೇಂದ್ರದ ವೈದ್ಯಕೀಯ ಸಂಶೋಧನಾ ಮಂಡಳಿ ಐಸಿಎಂಆರ್‌ನ ರಾಷ್ಟ್ರೀಯ ಸಾಂಪ್ರದಾಯಿಕ ಔಷಧ ಸಂಸ್ಥೆ ಇದೆ. ಔಷಧಿ ಸಸ್ಯಗಳ ಕೆಲಸ ಅಲ್ಲಿ ನಡೆಯುತ್ತದೆ, ಬಾಟನಿಯವರಿಗೆ ಹೇಳಿ ಮಾಡಿಸಿದ ಜಾಗ. ಅದೇ ಊರಲ್ಲಿ ರಾಣಿ ಚನ್ನಮ್ಮ ವಿಶ್ವವಿದ್ಯಾಲಯ ಮತ್ತು ಕೆಎಲ್‌ಇ ಡೀಮ್ಡ್ ವಿಶ್ವವಿದ್ಯಾಲಯ ಇವೆ. ನಿಮ್ಮದೇ ಜಿಲ್ಲೆಯಲ್ಲಿ ಬಿಎಲ್‌ಡಿಇ ಡೀಮ್ಡ್ ವಿಶ್ವವಿದ್ಯಾಲಯ, ಮತ್ತೆ 2003ರಲ್ಲಿ ಶುರುವಾದ ಅಕ್ಕಮಹಾದೇವಿ ಮಹಿಳಾ ವಿಶ್ವವಿದ್ಯಾಲಯ. ಮನೆಯಿಂದ ದೂರ ಕಳಿಸಲು ಹಿಂದೆಮುಂದೆ ನೋಡುವ ಎಷ್ಟೋ ಅಪ್ಪ ಅಮ್ಮಂದಿರು ಮಹಿಳಾ ವಿವಿ ಅಂದರೆ ಧೈರ್ಯ ಮಾಡುತ್ತಾರೆ, ಅದು ಸಣ್ಣ ಮಾತಲ್ಲ. ಇನ್ನು ನೀವು ಓದಿದ ಧಾರವಾಡ ಇದ್ದೇ ಇದೆ. ಕರ್ನಾಟಕ ವಿವಿ, ಕೃಷಿ ವಿವಿ ಎರಡನ್ನೂ ಪಟ್ಟಿಗೆ ಸೇರಿಸಿಕೊಳ್ಳಿ. ಬೆಂಗಳೂರಿಗೆ ಹೋದರೂ ತಪ್ಪಿಲ್ಲ. ಆದರೆ ಹೋಗಲೇಬೇಕು ಅಂತ ಇಲ್ಲ.

ನೋಟಿಸ್ ಸಿಕ್ಕಿತು ಅಂದುಕೊಳ್ಳಿ. ಅದನ್ನು ಓದುವ ರೀತಿ ಇದೆ. ಎಲ್ಲರೂ ಮೊದಲು ಸಂಬಳ ನೋಡುತ್ತಾರೆ, ನೀವು ಪ್ರಾಜೆಕ್ಟಿನ ಅವಧಿ ನೋಡಿ. ಮೂರು ವರ್ಷದ ಪ್ರಾಜೆಕ್ಟಿನಲ್ಲಿ ಎರಡೂವರೆ ವರ್ಷ ಆಗಲೇ ಕಳೆದಿದ್ದರೆ, ನೀವು ಕೆಲಸ ಕಲಿಯುವುದರೊಳಗೆ ಹಣ ಮುಗಿದಿರುತ್ತದೆ. ಆಮೇಲೆ ಅನುದಾನ ಕೊಟ್ಟವರು ಯಾರು, ಪ್ರಾಜೆಕ್ಟಿನ ಹೆಸರೇನು, ನಡೆಸುವ ಪ್ರಾಧ್ಯಾಪಕರು ಯಾರು ಅಂತ ಬರೆದುಕೊಳ್ಳಿ. ವಿದ್ಯಾರ್ಹತೆಯ ಸಾಲಿನಲ್ಲಿ ನೆಟ್ ಅಥವಾ ಗೇಟ್ ಅನ್ನುವ ರಾಷ್ಟ್ರಮಟ್ಟದ ಪರೀಕ್ಷೆ ಕಡ್ಡಾಯವೋ, ಇದ್ದರೆ ಒಳ್ಳೆಯದು ಅಂತಲೋ ನೋಡಿ. ಇವೆರಡರ ನಡುವೆ ಬಹಳ ಫರಕು ಇದೆ. ಇದ್ದರೆ ಒಳ್ಳೆಯದು ಅಂತ ಇದ್ದ ಕಡೆ ನೀವು ಈಗಲೇ ಹೋಗಬಹುದು. ಸಂದರ್ಶನಕ್ಕೆ ಬಂದವರಿಗೆ ಬಸ್ ಚಾರ್ಜು ಸಾಮಾನ್ಯವಾಗಿ ಕೊಡುವುದಿಲ್ಲ, ಅದನ್ನು ಲೆಕ್ಕದಲ್ಲಿ ಇಟ್ಟುಕೊಳ್ಳಿ.

ಆಯ್ಕೆ ಸಮಿತಿಯಲ್ಲಿ ನಾನು ಎಷ್ಟೋ ಸಲ ಕೂತಿದ್ದೇನೆ. ನನ್ನ ಮೊದಲ ಪ್ರಶ್ನೆ ಯಾವಾಗಲೂ ಒಂದೇ: ಈ ಪ್ರಾಜೆಕ್ಟ್ ಯಾವುದರ ಬಗ್ಗೆ? ಹತ್ತರಲ್ಲಿ ಏಳು ಜನ ಅಲ್ಲೇ ತಡವರಿಸುತ್ತಾರೆ. ಪ್ರಾಜೆಕ್ಟಿನ ಹೆಸರನ್ನೇ ಪೂರ್ತಿ ಓದಿರುವುದಿಲ್ಲ. ಒಂದು ಸಲ ಒಬ್ಬ ಹುಡುಗಿ ಬಂದಿದ್ದಳು, ಅವಳ ಅಂಕ ಉಳಿದವರಿಗಿಂತ ಕಡಿಮೆ ಇತ್ತು. ರೋಗ ಬಂದ ಎಲೆಯಿಂದ ಬ್ಯಾಕ್ಟೀರಿಯಾ ಹೇಗೆ ಬೇರ್ಪಡಿಸುತ್ತೀಯಮ್ಮ ಅಂತ ಕೇಳಿದೆ. ಕಲೆಯ ಅಂಚಿನಲ್ಲಿ, ಹಸಿರು ಭಾಗವೂ ಸ್ವಲ್ಪ ಸೇರುವ ಹಾಗೆ ಸಣ್ಣ ಚೂರು ಕತ್ತರಿಸುತ್ತೇನೆ ಅಂದಳು. ಹೊರಮೈ ಶುದ್ಧ ಮಾಡಿ, ಶುದ್ಧ ನೀರಿನಲ್ಲಿ ಮೂರು ಸಲ ತೊಳೆದು, ಒಂದು ಹನಿ ನೀರಿನಲ್ಲಿ ಅರೆದು, ಆ ನೀರನ್ನು ಅಗರ್ ತಟ್ಟೆಯ ಮೇಲೆ ಗೀರು ಎಳೆಯುತ್ತೇನೆ ಅಂದಳು. ಹೇಳುವಾಗ ಬೆರಳಿನಲ್ಲೇ ಗಾಳಿಯಲ್ಲಿ ಗೀರು ಎಳೆದು ತೋರಿಸಿದಳು. ಅವಳ ಇಂಗ್ಲಿಷ್ ಅಷ್ಟಕ್ಕಷ್ಟೇ. ನಾವು ಮೂವರೂ ಅವಳ ಹೆಸರನ್ನೇ ಬರೆದೆವು. ಎಂಎಸ್‌ಸಿ ಪ್ರಾಕ್ಟಿಕಲ್ ರೆಕಾರ್ಡ್ ಬುಕ್ ಇನ್ನೂ ಇದೆ ಅಲ್ವಾ? ತೆಗೆದು ಓದಿ. ನೀವೇ ಕೈಯಾರೆ ಮಾಡಿದ ಪ್ರಯೋಗಗಳನ್ನು ಬಾಯಲ್ಲಿ ಹೇಳಲು ರೂಢಿ ಮಾಡಿಕೊಳ್ಳಿ.

ಒಂದು ಎಚ್ಚರಿಕೆ. ಪ್ರಾಜೆಕ್ಟಿಗೆ ಸೇರಿದ ಮಾತ್ರಕ್ಕೆ ಪಿಎಚ್‌ಡಿ ನೋಂದಣಿ ತಾನಾಗಿ ಆಗುವುದಿಲ್ಲ. ಅದಕ್ಕೆ ಬೇರೆ ಅರ್ಜಿ, ಬೇರೆ ಸಂದರ್ಶನ. ಆದರೆ ಲ್ಯಾಬಿನಲ್ಲಿ ಇದ್ದವರಿಗೆ ಗೈಡ್ ಪರಿಚಯ ಇರುತ್ತದೆ, ಗೈಡ್‌ಗೂ ನಿಮ್ಮ ಕೆಲಸ ಗೊತ್ತಿರುತ್ತದೆ. ಸೇರುವ ಮುಂಚೆಯೇ, ಸಂಕೋಚ ಬಿಟ್ಟು ಮೂರು ವಿಷಯ ಕೇಳಿ. ಇಲ್ಲಿ ಕೆಲಸ ಮಾಡುತ್ತ ಪಿಎಚ್‌ಡಿಗೆ ನೋಂದಣಿ ಮಾಡಿಸಲು ಅವಕಾಶ ಇದೆಯಾ? ನಿಮ್ಮ ಹತ್ತಿರ ಜಾಗ ಖಾಲಿ ಇದೆಯಾ? ನಿಮ್ಮ ಸೇವೆ ಇನ್ನು ಎಷ್ಟು ವರ್ಷ ಇದೆ?

ಮೂರನೆಯ ಪ್ರಶ್ನೆ ಕೇಳಲು ಮುಜುಗರ ಆಗುತ್ತದೆ, ಗೊತ್ತು. ನಾನು ಅದನ್ನು ಕೇಳಿರಲಿಲ್ಲ. ನನ್ನ ಗೈಡ್ ಬಹಳ ಒಳ್ಳೆಯವರು, ಆದರೆ ನಾನು ಸೇರಿದ ಎರಡನೇ ವರ್ಷಕ್ಕೆ ನಿವೃತ್ತರಾದರು. ಬೇರೆ ಗೈಡ್ ಕೊಡಿ ಅಂತ ನನ್ನ ಅರ್ಜಿ ಆ ಆಫೀಸಿನಲ್ಲಿ ಒಂದು ಮೇಜಿಂದ ಇನ್ನೊಂದು ಮೇಜಿಗೆ ಓಡಾಡಿತು. ಹದಿನಾಲ್ಕು ತಿಂಗಳು ಹಾಗೇ ಹೋಯಿತು. ಕೊನೆಗೆ ಸಿಕ್ಕ ಗೈಡ್‌ಗೆ ನನ್ನ ವಿಷಯ ಆಸಕ್ತಿಯದಾಗಿರಲಿಲ್ಲ, ಅರ್ಧ ಕೆಲಸ ಮತ್ತೆ ಮಾಡಿದೆ. ಈಗ 2022ರ ಯುಜಿಸಿ ನಿಯಮ ಈ ವಿಷಯದಲ್ಲಿ ಮಕ್ಕಳ ಪರ ಇದೆ. ನಿವೃತ್ತಿಗೆ ಮೂರು ವರ್ಷಕ್ಕಿಂತ ಕಡಿಮೆ ಉಳಿದವರು ಹೊಸ ವಿದ್ಯಾರ್ಥಿಗಳನ್ನು ತೆಗೆದುಕೊಳ್ಳುವಂತಿಲ್ಲ. ಒಬ್ಬ ಪ್ರೊಫೆಸರ್ ಹತ್ತಿರ ಒಂದು ಸಲಕ್ಕೆ ಎಂಟು ಜನ, ಅಸೋಸಿಯೇಟ್ ಪ್ರೊಫೆಸರ್ ಹತ್ತಿರ ಆರು, ಅಸಿಸ್ಟೆಂಟ್ ಪ್ರೊಫೆಸರ್ ಹತ್ತಿರ ನಾಲ್ಕು ಜನ ಮಾತ್ರ ಇರಬಹುದು. ಹೆಸರುವಾಸಿ ಪ್ರೊಫೆಸರ್ ಹತ್ತಿರ ಜಾಗ ತುಂಬಿರುವುದೇ ಜಾಸ್ತಿ. ಹೊಸದಾಗಿ ಸೇರಿದ ಅಸಿಸ್ಟೆಂಟ್ ಪ್ರೊಫೆಸರ್‌ಗಳನ್ನು ಕಡೆಗಣಿಸಬೇಡಿ. ಅವರಿಗೂ ಕೆಲಸ ಮಾಡಿ ತೋರಿಸುವ ಹಂಬಲ ಇರುತ್ತದೆ, ನಿಮ್ಮ ಜೊತೆ ಲ್ಯಾಬಿನಲ್ಲಿ ನಿಲ್ಲಲು ಸಮಯವೂ ಇರುತ್ತದೆ.

ಗೈಡ್‌ಗಳನ್ನು ಹುಡುಕುವುದಕ್ಕೆ ಶೋಧಗಂಗಾ ನೋಡಿ. ಗಾಂಧಿನಗರದ ಇನ್‌ಫ್ಲಿಬ್‌ನೆಟ್ ನಡೆಸುವ ಈ ತಾಣದಲ್ಲಿ ದೇಶದ ಪಿಎಚ್‌ಡಿ ಥೀಸಿಸ್‌ಗಳು ಪುಕ್ಕಟೆ ಓದಲು ಸಿಗುತ್ತವೆ. ನಿಮ್ಮ ವಿಷಯದ ಎರಡು ಪದ ಹಾಕಿ ಹುಡುಕಿ. ಥೀಸಿಸ್ ಯಾರದು ಅನ್ನುವುದಕ್ಕಿಂತ ಗೈಡ್ ಯಾರು ಅಂತ ನೋಡಿ. ಅವರ ಹತ್ತಿರ ಮುಂಚೆ ಮಾಡಿದವರು ಎಷ್ಟು ವರ್ಷದಲ್ಲಿ ಮುಗಿಸಿದ್ದಾರೆ ಅನ್ನುವುದೂ ಅಲ್ಲೇ ಅಂದಾಜಾಗುತ್ತದೆ. ಸಾಧ್ಯವಾದರೆ ಅವರ ಹಳೆಯ ವಿದ್ಯಾರ್ಥಿಯೊಬ್ಬರ ಜೊತೆ ಒಂದು ಸಲ ಮಾತಾಡಿ. ಗೈಡ್ ಎಂಥವರು ಅಂತ ಯಾವ ವೆಬ್‌ಸೈಟೂ ಹೇಳುವುದಿಲ್ಲ.

ಇನ್ನು ಮೇಲ್ ಬರೆಯುವುದು. ನನಗೆ ಬರುವ ಮೇಲ್‌ಗಳಲ್ಲಿ ಹೆಚ್ಚಿನವು ಒಂದೇ ಥರ. ನಾನು ಶ್ರಮಜೀವಿ, ನಿಮ್ಮ ಮಾರ್ಗದರ್ಶನದಲ್ಲಿ ಪಿಎಚ್‌ಡಿ ಮಾಡುವ ಆಸೆ, ದಯವಿಟ್ಟು ಅವಕಾಶ ಕೊಡಿ. ಇದೇ ಮೇಲ್ ಇನ್ನೂ ನಲವತ್ತು ಜನಕ್ಕೆ ಹೋಗಿರುತ್ತದೆ ಅಂತ ಓದಿದ ಕೂಡಲೇ ಗೊತ್ತಾಗುತ್ತದೆ. ನಿಮ್ಮ ಮೇಲ್ ಹೀಗಿರಲಿ, ಇಂಗ್ಲಿಷಿನಲ್ಲಿ ಬರೆದರೂ ಧಾಟಿ ಇದೇ ಇರಲಿ:

"ಮೇಡಂ, ನಾನು ಬಾಟನಿ ಎಂಎಸ್‌ಸಿ, 64 ಪರ್ಸೆಂಟ್. ನಮ್ಮ ಮನೆಯಲ್ಲಿ ಎರಡು ಎಕರೆ ಲಿಂಬೆ ಇದೆ, ಪ್ರತಿ ಮಳೆಗಾಲ ಕಜ್ಜಿ ರೋಗ ಬರುತ್ತದೆ. ನಿಮ್ಮ ಲೇಖನದಲ್ಲಿ ರೋಗದ ಬ್ಯಾಕ್ಟೀರಿಯಾ ಬೇರ್ಪಡಿಸಿದ ವಿಧಾನ ಓದಿದೆ. ನಮ್ಮ ತೋಟದಲ್ಲಿ ಒಂದೇ ಸಾಲಿನ ಕೆಲವು ಗಿಡಗಳಿಗೆ ಕಡಿಮೆ ಕಜ್ಜಿ ಬರುವುದನ್ನು ನೋಡಿದ್ದೇನೆ. ಇದಕ್ಕೆ ಎಲೆಯ ಮೇಲಿರುವ ಬೇರೆ ಸೂಕ್ಷ್ಮಜೀವಿಗಳು ಕಾರಣ ಇರಬಹುದಾ ಅಂತ ತಿಳಿಯುವ ಆಸೆ. ನಿಮ್ಮ ಹತ್ತಿರ ಪ್ರಾಜೆಕ್ಟ್ ಹುದ್ದೆ ಅಥವಾ ಪಿಎಚ್‌ಡಿ ಜಾಗ ಇದ್ದರೆ ತಿಳಿಸಿ. ಹದಿನೈದು ನಿಮಿಷ ಸಮಯ ಕೊಟ್ಟರೆ ಬಂದು ಭೇಟಿಯಾಗುತ್ತೇನೆ."

ಇಷ್ಟೇ ಸಾಕು. ಇದರ ಜೊತೆ ಒಂದು ಪುಟದ ಬಯೋಡೇಟಾ. ಎರಡು ವಾರ ಉತ್ತರ ಬರದಿದ್ದರೆ ಇನ್ನೊಂದು ಸಲ ಬರೆಯಿರಿ, ಅವರಿಗೆ ಬೇಜಾರಾಗುವುದಿಲ್ಲ.

ಲಿಂಬೆಯನ್ನು ನಾನು ಸುಮ್ನೆ ಉದಾಹರಣೆಗೆ ತೆಗೆದುಕೊಂಡಿಲ್ಲ. ಇಂಡಿ ಲಿಂಬೆಗೆ ಜಿಐ, ಅಂದರೆ ಊರಿನ ಹೆಸರಿನ ವಿಶಿಷ್ಟ ಬೆಳೆ ಅನ್ನುವ ಮಾನ್ಯತೆ ಸಿಕ್ಕಿದೆ, ರಾಜ್ಯದ ಲಿಂಬೆ ಅಭಿವೃದ್ಧಿ ಮಂಡಳಿ ನಿಮ್ಮ ತಾಲ್ಲೂಕಿನಲ್ಲೇ ಇದೆ. ಕಜ್ಜಿ ರೋಗ ಕ್ಸಾಂಥೊಮೊನಾಸ್ ಅನ್ನುವ ಬ್ಯಾಕ್ಟೀರಿಯಾದಿಂದ ಬರುತ್ತದೆ, ಮಳೆ ಹನಿ ಗಾಳಿಯ ಜೊತೆ ಹಾರಿ ಹರಡುತ್ತದೆ. ರಂಗೋಲಿ ಹುಳು ಕೊರೆದ ಎಲೆಗಳಲ್ಲಿ ಇನ್ನೂ ಬೇಗ ಹತ್ತುತ್ತದೆ. ಇದೆಲ್ಲ ನಿಮ್ಮ ಅಪ್ಪನಿಗೆ ಕಣ್ಣಲ್ಲಿ ನೋಡಿ ಗೊತ್ತು. ಊರಿನ ತೋಟವನ್ನು ಹುಟ್ಟಿದಾಗಿಂದ ನೋಡಿದವರಿಗೆ ಇರುವ ತಿಳಿವಳಿಕೆ ಸಂಶೋಧನೆಯಲ್ಲಿ ದೊಡ್ಡ ಬಂಡವಾಳ. ನಮ್ಮ ಮಕ್ಕಳು ಅದನ್ನು ಮುಚ್ಚಿಟ್ಟುಕೊಂಡು, ಎಲ್ಲೋ ಓದಿದ ದೊಡ್ಡ ದೊಡ್ಡ ಪದಗಳನ್ನು ವಿಷಯ ಅಂತ ತರುತ್ತಾರೆ. ನನಗೆ ಇದು ನಿಜಕ್ಕೂ ನೋವಿನ ವಿಷಯ.

ಪರೀಕ್ಷೆಗಳ ಮಾತು. ನೀವು ಬರೆಯಬೇಕಾದದ್ದು ಸಿಎಸ್‌ಐಆರ್-ಯುಜಿಸಿ ನೆಟ್, ಲೈಫ್ ಸೈನ್ಸಸ್. ಇದರಲ್ಲಿ ಜೆಆರ್‌ಎಫ್, ಅಂದರೆ ಜೂನಿಯರ್ ರಿಸರ್ಚ್ ಫೆಲೋಶಿಪ್, ಬಂದರೆ ರೊಕ್ಕದ ಚಿಂತೆ ಬಹುತೇಕ ಮುಗಿದಂತೆ. 2023ರ ಜನವರಿಯಿಂದ ಮೊದಲ ಎರಡು ವರ್ಷ ತಿಂಗಳಿಗೆ 37,000 ರೂಪಾಯಿ, ಆಮೇಲೆ 42,000, ಮನೆಬಾಡಿಗೆ ಭತ್ಯೆ ಬೇರೆ. ಜೆಆರ್‌ಎಫ್‌ಗೆ ವಯಸ್ಸಿನ ಮಿತಿ ಇದೆ, ಹೆಣ್ಣುಮಕ್ಕಳಿಗೆ ಐದು ವರ್ಷ ಸಡಿಲಿಕೆ ಉಂಟು. ಪ್ರಶ್ನೆಪತ್ರಿಕೆ ಇಂಗ್ಲಿಷ್ ಮತ್ತು ಹಿಂದಿಯಲ್ಲಿ ಮಾತ್ರ. 200 ಅಂಕ, ಮೂರು ಗಂಟೆ. ತಪ್ಪು ಉತ್ತರಕ್ಕೆ ಕಾಲು ಭಾಗ ಕಡಿತ ಆಗುತ್ತದೆ. ಹಾಗಾಗಿ ಅಂದಾಜಿನ ಮೇಲೆ ಗುರುತು ಹಾಕಬೇಡಿ. ಸಿ ಭಾಗದಲ್ಲಿ 75 ಪ್ರಶ್ನೆಗಳಲ್ಲಿ 25 ಬರೆದರೆ ಸಾಕು, ಗೊತ್ತಿರುವ ಹತ್ತು ಹನ್ನೆರಡನ್ನು ಸರಿ ಮಾಡಿದರೂ ಬೆಲೆ ಇದೆ. ಜೆಆರ್‌ಎಫ್ ತಪ್ಪಿದರೂ ಬೇಜಾರಾಗಬೇಡಿ. 2024ರ ಜೂನ್ ಪರೀಕ್ಷೆಯಿಂದ, ಪಿಎಚ್‌ಡಿ ಪ್ರವೇಶಕ್ಕೆ ಮಾತ್ರ ಅರ್ಹತೆ ಅನ್ನುವ ಇನ್ನೊಂದು ವರ್ಗ ಮಾಡಿದ್ದಾರೆ. ಅದರಲ್ಲಿ ಬಂದವರ ನೆಟ್ ಅಂಕಕ್ಕೆ 70, ಸಂದರ್ಶನಕ್ಕೆ 30 ಅಂತ ಹಿಡಿದು ಪ್ರವೇಶ ಕೊಡುತ್ತಾರೆ. ಆ ಅಂಕ ಒಂದು ವರ್ಷ ಮಾತ್ರ ನಡೆಯುತ್ತದೆ, ಬಂದ ವರ್ಷವೇ ಉಪಯೋಗಿಸಿಕೊಳ್ಳಬೇಕು.

ಪಿಎಚ್‌ಡಿಗೆ ಸಾಮಾನ್ಯ ವರ್ಗಕ್ಕೆ ಎಂಎಸ್‌ಸಿಯಲ್ಲಿ 55 ಪರ್ಸೆಂಟ್ ಬೇಕು, ನಿಮ್ಮದು 64, ಚಿಂತೆ ಇಲ್ಲ. ಮುಗಿಸಲು ಕಡಿಮೆ ಅಂದರೆ ಮೂರು ವರ್ಷ, ಜಾಸ್ತಿ ಅಂದರೆ ಆರು. ಹೆಣ್ಣುಮಕ್ಕಳಿಗೆ ಇದರ ಮೇಲೆ ಎರಡು ವರ್ಷ ಸಡಿಲಿಕೆ, ಹೆರಿಗೆಗೆ 240 ದಿನದವರೆಗೆ ರಜೆಯೂ ಇದೆ. ಮದುವೆ ಮಾಡಿದರೆ ಪಿಎಚ್‌ಡಿ ನಿಂತೇ ಹೋಗುತ್ತದೆ ಅಂತ ಮನೆಯಲ್ಲಿ ಮಾತು ಬಂದರೆ ಈ ನಿಯಮವನ್ನು ತೋರಿಸಿ. ನಿಮ್ಮ ವರ್ಗ ಯಾವುದು ಅಂತ ನೀವು ಬರೆದಿಲ್ಲ. ಪರಿಶಿಷ್ಟ ಜಾತಿ, ಪಂಗಡ, ಹಿಂದುಳಿದ ವರ್ಗದವರಿಗೆ ರಾಷ್ಟ್ರೀಯ ಫೆಲೋಶಿಪ್‌ಗಳು ಬೇರೆಯೇ ಇವೆ. ವಿಜ್ಞಾನದವರಿಗೆ ನಮ್ಮ ರಾಜ್ಯದ ವಿಜ್ಞಾನ ಮತ್ತು ತಂತ್ರಜ್ಞಾನ ಪ್ರೋತ್ಸಾಹಕ ಸೊಸೈಟಿ ಕೆಸ್ಟೆಪ್ಸ್ ಕೂಡ ಪಿಎಚ್‌ಡಿ ಫೆಲೋಶಿಪ್ ಕೊಡುತ್ತದೆ.

ಯೂನಿವರ್ಸಿಟಿ ಕೆಲಸದ ಬಗ್ಗೆ ನಿಮಗೆ ಸುಳ್ಳು ಭರವಸೆ ಕೊಡಲಾರೆ. ಅಸಿಸ್ಟೆಂಟ್ ಪ್ರೊಫೆಸರ್ ಹುದ್ದೆಗೆ ಯುಜಿಸಿ ಮೂಲ ವೇತನ 57,700ರಿಂದ ಶುರು, ಆದರೆ ರಾಜ್ಯದ ವಿವಿಗಳಲ್ಲಿ ಕಾಯಂ ಹುದ್ದೆ ಕರೆಯುವುದೇ ಅಪರೂಪ. ಬಹಳ ಜನ ಅತಿಥಿ ಉಪನ್ಯಾಸಕರಾಗಿಯೇ ವರ್ಷಗಟ್ಟಲೆ ಕಳೆಯುತ್ತಾರೆ. ಅವರ ಕಷ್ಟ ಹತ್ತಿರದಿಂದ ನೋಡಿದ್ದೇನೆ, ಅದನ್ನೇ ಗುರಿ ಮಾಡಿಕೊಳ್ಳಿ ಅಂತ ನಾನು ಹೇಳುವುದಿಲ್ಲ. ಇಲ್ಲಿ ಒಂದು ತಿಳಿದಿರಲಿ. 2023ರ ಜುಲೈ 1ರಿಂದ ಅಸಿಸ್ಟೆಂಟ್ ಪ್ರೊಫೆಸರ್ ಆಗಲು ಪಿಎಚ್‌ಡಿ ಕಡ್ಡಾಯ ಅಲ್ಲ, ನೆಟ್ ಅಥವಾ ಸೆಟ್ ಸಾಕು. ಸೆಟ್ ಅಂದರೆ ರಾಜ್ಯಮಟ್ಟದ ಅರ್ಹತಾ ಪರೀಕ್ಷೆ, ನಮ್ಮ ರಾಜ್ಯದ್ದು ಕೆ-ಸೆಟ್. ಅಂದಮೇಲೆ ಅದನ್ನು ಬರೆಯದೆ ಬಿಡಬೇಡಿ. ಅದರ ಮೊದಲ ಪತ್ರಿಕೆಯಲ್ಲಿ ಕನ್ನಡದಲ್ಲೂ ಪ್ರಶ್ನೆ ಇರುತ್ತವೆ, ತಪ್ಪು ಉತ್ತರಕ್ಕೆ ಅಂಕ ಕಡಿತ ಇಲ್ಲ. ಫೆಲೋಶಿಪ್ ಬರುವುದಿಲ್ಲ, ಆದರೆ ರಾಜ್ಯದ ಕಾಲೇಜು, ವಿವಿಗಳ ಕೆಲಸಕ್ಕೆ ಅರ್ಹತೆ ಬರುತ್ತದೆ. ಪಿಎಚ್‌ಡಿ ಮುಗಿಯುವವರೆಗೆ ಕಾಯದೆ ಪಕ್ಕದಲ್ಲೇ ಇದನ್ನು ಮುಗಿಸಿಕೊಳ್ಳಿ.

ಇನ್ನೊಂದು, ನಿಮ್ಮ ಕಡೆಯವರು ಪದೇ ಪದೇ ಕೇಳುವುದು: ಕಲ್ಯಾಣ ಕರ್ನಾಟಕದ ಜಿಲ್ಲೆಗಳಿಗೆ ಸಂವಿಧಾನ ಕೊಟ್ಟ 371ಜೆ ಮೀಸಲಾತಿ ನಮಗೆ ಬರುತ್ತದಾ? ಬರುವುದಿಲ್ಲ. ಪಕ್ಕದ ಕಲಬುರಗಿ ಜಿಲ್ಲೆಗೆ ಇದೆ, ವಿಜಯಪುರಕ್ಕೆ ಇಲ್ಲ. ಬಾಗಲಕೋಟೆ, ಬೆಳಗಾವಿಗೂ ಇಲ್ಲ. ಆ ಮೀಸಲಾತಿಯ ಹುದ್ದೆಗೆ ಅರ್ಜಿ ಹಾಕಿ ಶುಲ್ಕ ಕಳೆದುಕೊಳ್ಳಬೇಡಿ.

ಈಗ ಒಂದು ಕೆಲಸ ಹೇಳುತ್ತೇನೆ, ಇದಕ್ಕೆ ಯಾರ ಅನುಮತಿಯೂ ಬೇಡ. ನಿಮ್ಮ ತೋಟದಲ್ಲಿ ಮೂವತ್ತು ಲಿಂಬೆ ಗಿಡ ಆರಿಸಿ, ಬಣ್ಣದಿಂದ ನಂಬರ್ ಹಾಕಿ. ಪ್ರತಿ ಗಿಡದಲ್ಲಿ ನಾಲ್ಕು ದಿಕ್ಕಿನ ನಾಲ್ಕು ರೆಂಬೆಗೆ ದಾರ ಕಟ್ಟಿ. ಹದಿನೈದು ದಿನಕ್ಕೊಮ್ಮೆ ಆ ರೆಂಬೆಗಳಲ್ಲಿ ಎಷ್ಟು ಎಲೆ ಇವೆ, ಅದರಲ್ಲಿ ಎಷ್ಟಕ್ಕೆ ಕಜ್ಜಿ, ಎಷ್ಟಕ್ಕೆ ರಂಗೋಲಿ ಹುಳು ಅಂತ ಎಣಿಸಿ ನೋಟ್‌ಬುಕ್ಕಿನಲ್ಲಿ ಬರೆಯಿರಿ. ಮಳೆ ಬಿದ್ದ ದಿನ, ಔಷಧಿ ಹೊಡೆದ ದಿನವನ್ನೂ ಬರೆಯಿರಿ. ಎಣಿಸುವಾಗ ಅಪ್ಪನನ್ನು ಜೊತೆಗೆ ಕರೆದುಕೊಳ್ಳಿ. ಯಾವ ಗಿಡಕ್ಕೆ ಮೊದಲು ಬರುತ್ತದೆ ಅಂತ ಅವರಿಗೆ ಗೊತ್ತಿರುತ್ತದೆ. ಸಂದರ್ಶನಕ್ಕೆ ಹೋಗುವಾಗ ಆ ನೋಟ್‌ಬುಕ್ಕನ್ನು ಫೈಲಿನ ಜೊತೆ ಇಟ್ಟುಕೊಳ್ಳಿ. ಮೇಲ್ ಬರೆದ ಮೇಲೆ, ಕಳಿಸುವ ಮುಂಚೆ, ಈ ಅಂಕಣಕ್ಕೆ ಒಂದು ಪ್ರತಿ ಹಾಕಿ. ಓದಿ, ತಿದ್ದಿ ಕಳಿಸುತ್ತೇನೆ.